ಟೊಳ್ಳು ಪೈಪಿನ ಗಟ್ಟಿತನ

ಮಳೆಗಾಲಕ್ಕೆ ಇನ್ನೊಂದು ತಿಂಗಳು ಇದೆ ಅನ್ನುವಾಗ ನಮ್ಮ ಮನೆ ಟೆರೇಸಿನ ಕಂಬಗಳನ್ನು ಸ್ಪ್ಯಾನರಿನಲ್ಲಿ ಬಡಿಯುತ್ತಾ ಹೋದೆ. ಎದೆಮಟ್ಟದಲ್ಲಿ ಬಡಿದರೆ ‘ಟಣ್’. ಮೊಣಕಾಲಿನ ಹತ್ತಿರವೂ ‘ಟಣ್’. ಮೂರನೇ ಕಂಬದ ಬುಡದಲ್ಲಿ ಮಾತ್ರ ‘ದಬ್’. ಹೊರಗಿನಿಂದ ನೋಡಿದರೆ ಪೇಂಟ್ ಹೊಳೆಯುತ್ತಿತ್ತು, ಒಂದು ಗುಳ್ಳೆ ಕೂಡ ಎದ್ದಿರಲಿಲ್ಲ. ಡ್ರಿಲ್ ತಂದು ಬುಡದಲ್ಲೊಂದು ಸಣ್ಣ ತೂತು ಕೊರೆದೆ. ಚಹಾದ ಬಣ್ಣದ ನೀರು ಧಾರೆಯಾಗಿ ಬಂತು. ಮಗಳು ಓಡಿಹೋಗಿ ಚೊಂಬು ತಂದು ಹಿಡಿದಳು. ಚೊಂಬು ತುಂಬಿತು. ಕೊನೆಗೆ ತುಕ್ಕಿನ ಚೂರುಗಳೂ ಬಿದ್ದವು.

ನಾಚಿಕೆಯ ವಿಷಯ ಏನೆಂದರೆ ನಾನು ಇದೇ ಕೆಲಸದವನು. ಉಡುಪಿ, ಮಣಿಪಾಲ, ಕಾಪು, ಸುರತ್ಕಲ್ ಅಂತ ಇಪ್ಪತ್ತು ವರ್ಷಗಳಿಂದ ಸೈಟ್ ಸುತ್ತುತ್ತಿದ್ದೇನೆ. ಊರವರ ಮಾಡಿಗೆಲ್ಲ (ಚಾವಣಿಗೆಲ್ಲ) ಬುದ್ಧಿ ಹೇಳುವವನು ನನ್ನ ಮನೆಯದನ್ನು ಒಬ್ಬ ಫ್ಯಾಬ್ರಿಕೇಶನ್‌ನವರಿಗೆ ಒಪ್ಪಿಸಿ ಬೇರೆ ಸೈಟಿಗೆ ಹೋಗಿದ್ದೆ. ಒಂಬತ್ತು ವರ್ಷ ಆಯಿತು. ಪೈಪು ಒಳ್ಳೆಯದೇ ಇತ್ತು. ನಾನೇ ಆರಿಸಿ ತಂದದ್ದು. ಹಾಳಾದದ್ದು ಪೈಪಿನ ಬುಡ.

ನಮ್ಮಲ್ಲಿ ಹೆಚ್ಚಿನ ಕಡೆ ಕಥೆ ಇದೇ. ಎಲ್ಲರೂ ಕೇಳುವುದು ‘ಪೈಪು ಎಷ್ಟು ಗೇಜು?’ ಅಂತ, ಅಂದರೆ ಗೋಡೆ ಎಷ್ಟು ದಪ್ಪ ಅಂತ. ಪೈಪಿನ ಮೈ ನಡುವೆ ಮುರಿದದ್ದನ್ನು ನಾನು ನೋಡಿದ್ದು ಬೆರಳೆಣಿಕೆಯಷ್ಟು. ಅದು ಸೋಲುವುದು ತುದಿಗಳಲ್ಲಿ. ಬುಡದಲ್ಲಿ, ಜೋಡಣೆಯಲ್ಲಿ, ನೀರು ಒಳಗೆ ನುಗ್ಗುವ ಸಂದಿಯಲ್ಲಿ. ಅದು ಯಾಕೆ ಅಂತ ತಿಳಿಯಬೇಕಾದರೆ ಮೊದಲು ಟೊಳ್ಳು ಯಾಕೆ ಗಟ್ಟಿ ಅನ್ನುವುದನ್ನು ನೋಡಬೇಕು.

ಮಂಗಳೂರಿನಿಂದ ಕುಂದಾಪುರದವರೆಗೆ ಹೆದ್ದಾರಿಯಲ್ಲಿ ಹೋಗುವಾಗ ಮನೆಗಳ ತಲೆ ಮಾತ್ರ ನೋಡುತ್ತಾ ಹೋಗಿ. ಆರ್‌ಸಿಸಿ ತಾರಸಿ, ಅದರ ಮೇಲೆ ಕಬ್ಬಿಣದ ಕಂಬ, ಅದರ ಮೇಲೆ ನೀಲಿಯೋ ಕೆಂಪೋ ಶೀಟು. ಹೊರಗಿನವರು ‘ಇದೇನು, ಮಾಡಿನ ಮೇಲೆ ಮತ್ತೊಂದು ಮಾಡು?’ ಅಂತ ನಗುತ್ತಾರೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟುವ ಮಳೆ, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಚಪ್ಪಟೆ ತಾರಸಿ ಎಷ್ಟು ಅಂತ ತಡೆಯುತ್ತದೆ? ಸೋರಲು ಶುರುವಾದ ಮೇಲೆ ಶೀಟು ಹಾಕಿಸುತ್ತೇವೆ. ಆಮೇಲೆ ಅಲ್ಲೇ ಬಟ್ಟೆ ಒಣಗಿಸುತ್ತೇವೆ, ಅಡಿಕೆ ರಾಶಿ ಹಾಕುತ್ತೇವೆ, ಮಗುವಿನ ನಾಮಕರಣದ ಊಟವನ್ನೂ ಅಲ್ಲೇ ಮುಗಿಸುತ್ತೇವೆ.

ಹಂಚಿನ ಮಾಡಿಗೂ ಈಗ ಪೈಪೇ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನಮ್ಮ ಮಾಡಿನ ಲೆಕ್ಕಾಚಾರ ಎಲ್ಲ ಪಕ್ಕಾಸು (ಇಳಿಜಾರಿಗೆ ಹಾಕುವ ತೊಲೆ), ರೀಪು (ಹಂಚು ಕೂರುವ ಅಡ್ಡಪಟ್ಟಿ) ಅಂತ ಮರದಲ್ಲೇ ನಡೆದಿತ್ತು. ತಾಳೆಮರದ ಪಕ್ಕಾಸು, ಹಲಸಿನ ತೊಲೆ. ಈಗ ಒಳ್ಳೆ ಮರ ಸಿಗುವುದಿಲ್ಲ, ಸಿಕ್ಕಿದರೂ ಒರಲೆ (ಗೆದ್ದಲು) ಬಿಡುವುದಿಲ್ಲ. ಹಾಗಾಗಿ ಪಕ್ಕಾಸಿನ ಜಾಗಕ್ಕೆ ಆಯತದ ಪೈಪು ಬಂತು, ರೀಪಿನ ಜಾಗಕ್ಕೆ ಒಂದಿಂಚಿನ ಚೌಕದ ಪೈಪು ಬಂತು. ಹೆಸರು ಮಾತ್ರ ಹಳೆಯದೇ ಉಳಿದಿದೆ. ವೆಲ್ಡರ್ ಕೂಡ ‘ರೀಪು ಎಷ್ಟಕ್ಕೆ ಹೊಡೀಲಿ ಸಾರ್?’ ಅಂತಲೇ ಕೇಳುತ್ತಾನೆ.

ಟೊಳ್ಳು ಯಾಕೆ ಗಟ್ಟಿ?

ನಮ್ಮ ಪಕ್ಕದ ಮನೆಯವರು ಒಮ್ಮೆ ಕೇಳಿದ್ದರು: “ಎಂಥ ಮಾರಾಯ್ರೆ, ಒಳಗೆ ಏನೂ ಇಲ್ಲದ ಪೈಪು ಗಟ್ಟಿ ಅಂತೀರಲ್ಲ, ಅದೇ ದುಡ್ಡಿಗೆ ಇಡೀ ರಾಡೇ ಹಾಕಬಾರದಾ?”

ಒಳ್ಳೆಯ ಪ್ರಶ್ನೆ. ಲೆಕ್ಕ ಹಾಕಿಯೇ ನೋಡೋಣ. 50ಕ್ಕೆ 50 ಮಿ.ಮೀ. ಚೌಕದ ಪೈಪು, ಗೋಡೆಯ ದಪ್ಪ 2 ಮಿ.ಮೀ. ಇದರಲ್ಲಿರುವ ಉಕ್ಕನ್ನೆಲ್ಲ ಒಟ್ಟು ಮಾಡಿ ಅದೇ ಉದ್ದದ ಗಟ್ಟಿ ಚೌಕದ ರಾಡ್ ಮಾಡಿದರೆ ಅದು 20 ಮಿ.ಮೀ. ಕೂಡ ಆಗುವುದಿಲ್ಲ, 19.6. ಎರಡರ ತೂಕವೂ ಒಂದೇ, ಮೀಟರಿಗೆ ಸುಮಾರು 3 ಕೆ.ಜಿ. ಈಗ ಎರಡನ್ನೂ ಎರಡು ಕಲ್ಲಿನ ಮೇಲಿಟ್ಟು ನಡುವೆ ಒತ್ತಿ. ಪೈಪಿಗಿಂತ ರಾಡ್ 12 ಪಟ್ಟು ಹೆಚ್ಚು ಬಗ್ಗುತ್ತದೆ. ಅದೇ ಉಕ್ಕು, ಅದೇ ತೂಕ, ಅದೇ ದುಡ್ಡು.

ಕಾರಣ ಸುಲಭ. ಯಾವುದೇ ತೊಲೆ ಬಗ್ಗುವಾಗ ಅದರ ಮೇಲಿನ ಮೈ ಕುಗ್ಗುತ್ತದೆ, ಕೆಳಗಿನ ಮೈ ಹಿಗ್ಗುತ್ತದೆ. ನಟ್ಟನಡುವೆ ಇರುವುದಕ್ಕೆ ಕೆಲಸವೇ ಇಲ್ಲ, ಸುಮ್ನೆ ಕೂತಿರುತ್ತದೆ. ಕೆಲಸವಿಲ್ಲದ ಆ ಉಕ್ಕನ್ನು ತೆಗೆದು ಹೊರಗಿನ ಅಂಚಿಗೆ ಕೊಂಡುಹೋದರೆ ಅದಕ್ಕೂ ಕೆಲಸ ಸಿಗುತ್ತದೆ. ಅದೂ ನಡುವಿನಿಂದ ದೂರ ಹೋದಷ್ಟೂ ಕೆಲಸ ದೂರದ ವರ್ಗದಷ್ಟು ಹೆಚ್ಚುತ್ತದೆ. ದೂರ ಎರಡು ಪಟ್ಟಾದರೆ ಉಪಯೋಗ ನಾಲ್ಕು ಪಟ್ಟು. ಟೊಳ್ಳಿನ ಗುಟ್ಟು ಇಷ್ಟೇ.

ಬಿದಿರಿಗೆ ಇದು ಮೊದಲೇ ಗೊತ್ತಿತ್ತು. ಪಪ್ಪಾಯಿ ಎಲೆಯ ತೊಟ್ಟಿಗೂ ಗೊತ್ತು, ನಾವು ಚಿಕ್ಕವರಿರುವಾಗ ಊದುತ್ತಿದ್ದೆವಲ್ಲ, ಅದೇ ತೊಟ್ಟು. ಹಕ್ಕಿಯ ಮೂಳೆ ಮತ್ತು ಜೊಂಡಿನ ಟೊಳ್ಳನ್ನು ನೋಡಿ ಗೆಲಿಲಿಯೋ 1638ರಲ್ಲೇ ಇದನ್ನು ವಿವರಿಸಿದ್ದ. ನಮ್ಮ ಅಡಿಕೆ ತೋಟಕ್ಕೆ ಈಗ ಬಂದಿರುವ ಕಾರ್ಬನ್ ಫೈಬರ್ ದೋಟಿ ನೋಡಿ. ಅಷ್ಟು ಉದ್ದದ ಕೋಲನ್ನು ನೆಲದಲ್ಲಿ ನಿಂತು ಎತ್ತಿ ಹಿಡಿದು ಗೊನೆ ಕೊಯ್ಯಲು ಆಗುವುದು ಅದು ಟೊಳ್ಳಾಗಿರುವುದರಿಂದ. ಗಟ್ಟಿ ಕೋಲಾಗಿದ್ದರೆ ಎತ್ತುವಷ್ಟರಲ್ಲೇ ಬಾಳೆಗಿಡದ ಹಾಗೆ ಬಗ್ಗಿ ಬಿಡುತ್ತಿತ್ತು.

ಕಂಬದ ವಿಷಯದಲ್ಲಿ ಟೊಳ್ಳಿನ ಲಾಭ ಇನ್ನೂ ಜಾಸ್ತಿ. ಉದ್ದನೆಯ ಕಂಬವನ್ನು ಮೇಲಿನಿಂದ ಒತ್ತಿದರೆ ಅದು ಪುಡಿಯಾಗುವುದಿಲ್ಲ, ಬದಿಗೆ ಬಾಗಿ ಹೋಗುತ್ತದೆ. ಹಿಡಿಕಡ್ಡಿಯನ್ನು ನೆಲಕ್ಕೆ ಊರಿ ಮೇಲಿನಿಂದ ಒತ್ತಿ ನೋಡಿ, ಬಿಲ್ಲಿನ ಹಾಗೆ ಆಗುತ್ತದೆ. ಮೇಲೆ ಹೇಳಿದ 19.6ರ ಗಟ್ಟಿ ರಾಡನ್ನು 3 ಮೀಟರ್ ಎತ್ತರಕ್ಕೆ ಕಂಬವಾಗಿ ನಿಲ್ಲಿಸಿದರೆ ಲೆಕ್ಕದ ಪ್ರಕಾರ ಸುಮಾರು 275 ಕೆ.ಜಿ.ಗೆ ಬಾಗುತ್ತದೆ. ಅದೇ ತೂಕದ ಪೈಪು ಬಾಗಲು 3 ಟನ್ ದಾಟಬೇಕು. ಇದು ನೆಟ್ಟಗೆ ನಿಂತ, ಸ್ವಲ್ಪವೂ ಸೊಟ್ಟ ಇಲ್ಲದ ಕಂಬದ ಲೆಕ್ಕ. ನಿಜವಾದ ಕಂಬಕ್ಕೆ ಇದರಲ್ಲಿ ಒಂದು ಪಾಲು ಮಾತ್ರ ಹಿಡಿಯಬೇಕು. ಆದರೆ ಅನುಪಾತ ಅದೇ.

ಇಲ್ಲೊಂದು ಎಚ್ಚರಿಕೆ. ಎತ್ತರ ಎರಡು ಪಟ್ಟಾದರೆ ಕಂಬದ ತಾಕತ್ತು ಅರ್ಧ ಆಗುವುದಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಟೆರೇಸಿನ ಮೇಲೆ ಹತ್ತಡಿಗೆ ಸರಿಯಾಗಿದ್ದ ಅದೇ ಪೈಪನ್ನು ಮನೆ ಮುಂದಿನ ಇಪ್ಪತ್ತಡಿಯ ಪೋರ್ಟಿಕೋಗೆ ಹಾಕುವವರು ಇದ್ದಾರೆ. ‘ಅಲ್ಲಿ ನಿಂತಿದೆಯಲ್ಲ ಸಾರ್’ ಅನ್ನುತ್ತಾರೆ.

ಹಿಂದೆ ಶೆಡ್ಡುಗಳಿಗೆಲ್ಲ ಎಲ್ ಆ್ಯಂಗಲ್ ಹಾಕುತ್ತಿದ್ದರು. ಬೈಕಂಪಾಡಿ ಕಡೆಯ ಹಳೆ ಶೆಡ್ಡುಗಳಲ್ಲಿ ಈಗಲೂ ಕಾಣಬಹುದು. 50ಕ್ಕೆ 50, 5 ಮಿ.ಮೀ. ದಪ್ಪದ ಆ್ಯಂಗಲ್ ಮೀಟರಿಗೆ 3.8 ಕೆ.ಜಿ. ತೂಗುತ್ತದೆ. ನಮ್ಮ 50ರ ಪೈಪಿಗಿಂತ ಭಾರ. ಆದರೂ ಒತ್ತಡದಲ್ಲಿ ಬಾಗದೆ ನಿಲ್ಲುವ ಶಕ್ತಿ ಪೈಪಿನದರ ಮೂರನೇ ಒಂದು ಭಾಗ ಮಾತ್ರ. ಆ್ಯಂಗಲ್‌ಗೆ ಒಂದು ದಿಕ್ಕು ಬಲಹೀನ. ಬಾಗುವಾಗ ಅದು ಬುದ್ಧಿವಂತನ ಹಾಗೆ ಆ ದಿಕ್ಕನ್ನೇ ಹುಡುಕಿಕೊಳ್ಳುತ್ತದೆ. ಚೌಕ ಪೈಪಿಗೆ ಅಂಥ ದುರ್ಬಲ ದಿಕ್ಕು ಇಲ್ಲ.

ತಿರುಚುವಿಕೆಯಲ್ಲಂತೂ ಹೋಲಿಕೆಯೇ ಇಲ್ಲ. ಊದುಬತ್ತಿ ಬರುವ ದುಂಡಗಿನ ರಟ್ಟಿನ ಕೊಳವೆ ಇದೆಯಲ್ಲ, ಅದನ್ನು ಎರಡೂ ಕೈಯಲ್ಲಿ ಹಿಡಿದು ಬಟ್ಟೆ ಹಿಂಡುವ ಹಾಗೆ ತಿರುಚಿ. ಜಗ್ಗುವುದಿಲ್ಲ. ಈಗ ಬ್ಲೇಡಿನಲ್ಲಿ ಉದ್ದಕ್ಕೆ ಒಂದೇ ಒಂದು ಸೀಳು ಹಾಕಿ ಮತ್ತೆ ತಿರುಚಿ. ಒದ್ದೆ ಕಾಗದದ ಹಾಗೆ ತಿರುಗುತ್ತದೆ. ಒಂದು ಗ್ರಾಂ ರಟ್ಟು ಕೂಡ ಕಡಿಮೆ ಆಗಿಲ್ಲ. ಸುತ್ತು ಮುಚ್ಚಿತ್ತು, ಈಗ ತೆರೆಯಿತು, ಅಷ್ಟೇ. ನಮ್ಮ 50ರ ಪೈಪಿಗೂ ಉದ್ದಕ್ಕೆ ಹೀಗೆ ಸೀಳು ಹಾಕಿದರೆ ತಿರುಚುವಿಕೆ ತಡೆಯುವ ಶಕ್ತಿ 400 ಪಟ್ಟಿಗಿಂತ ಹೆಚ್ಚು ಇಳಿಯುತ್ತದೆ. ಲೆಕ್ಕ ತಪ್ಪಿತೇನೋ ಅಂತ ನಾನು ಮೊದಲ ಸಲ ಎರಡೆರಡು ಬಾರಿ ಹಾಕಿ ನೋಡಿದ್ದೆ.

ಹಾಗಾದರೆ ಪೈಪನ್ನು ಇನ್ನೂ ದೊಡ್ಡದು, ಇನ್ನೂ ತೆಳು ಮಾಡುತ್ತಾ ಹೋಗಬಹುದಲ್ವಾ? ಇಲ್ಲ. ಗೋಡೆ ತೀರಾ ತೆಳುವಾದರೆ ಇಡೀ ಕಂಬ ಬಾಗುವ ಮೊದಲೇ ಗೋಡೆ ಎಣ್ಣೆ ಡಬ್ಬಿಯ ಹಾಗೆ ಸುಕ್ಕುಗಟ್ಟುತ್ತದೆ. ಚೌಕದ ಪೈಪಿನ ಚಪ್ಪಟೆ ಮುಖದ ಅಗಲ ದಪ್ಪದ ಸುಮಾರು 40 ಪಟ್ಟು ದಾಟಿತು ಅಂದರೆ ಹುಷಾರಾಗಬೇಕು. 50ರ ಪೈಪಿಗೆ 2 ಮಿ.ಮೀ. ನಡೆಯುತ್ತದೆ. 100ರ ಪೈಪಿಗೆ ಅದೇ 2 ಮಿ.ಮೀ. ಸಾಲದು. ‘ದೊಡ್ಡ ಪೈಪು ಹಾಕಿದ್ದೇವೆ’ ಅನ್ನುವಾಗ ದಪ್ಪವನ್ನೂ ಕೇಳಿ.

ಇನ್ನೊಂದು ಸಣ್ಣ ಸಂಗತಿ, ಆದರೆ ವಾರಕ್ಕೊಮ್ಮೆ ಕಾಣುವ ತಪ್ಪು. 100ಕ್ಕೆ 50ರ ಆಯತದ ಪೈಪನ್ನು ತೊಲೆಯಾಗಿ ಹಾಕುವಾಗ ನಿಲ್ಲಿಸಿ ಹಾಕಬೇಕು. 3 ಮಿ.ಮೀ. ದಪ್ಪದ್ದಾದರೆ, ಮಲಗಿಸಿದ್ದಕ್ಕಿಂತ ನಿಲ್ಲಿಸಿದ್ದು ಹೆಚ್ಚುಕಡಿಮೆ 3 ಪಟ್ಟು ಬಿಗಿ. ಮಲಗಿಸಿದರೆ ಶೀಟಿಗೆ ಸ್ಕ್ರೂ ಹೊಡೆಯುವುದು ಸುಲಭ ಅಂತ ಮಲಗಿಸುತ್ತಾರೆ. ಆಮೇಲೆ ನಡುವೆ ಜೋತು ಬಿದ್ದ ಮೇಲೆ ‘ಪೈಪಿನ ಕ್ವಾಲಿಟಿ ಸರಿ ಇಲ್ಲ’ ಅನ್ನುತ್ತಾರೆ.

ತಯಾರಾಗುವುದು, ಮಾರಾಟವಾಗುವುದು

ಅಂಗಡಿಯಲ್ಲಿ ಪೈಪಿನ ತುದಿಯೊಳಗೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಒಂದು ಬದಿಯಲ್ಲಿ ಉದ್ದಕ್ಕೆ ಸಣ್ಣ ಏಣಿನಂಥ ಗೆರೆ ಕಾಣುತ್ತದೆ. ಅದು ಹೊಲಿಗೆ. ಉಕ್ಕಿನ ಹಾಳೆಯ ಸುರುಳಿಯನ್ನು ಉದ್ದುದ್ದ ಪಟ್ಟಿಗಳಾಗಿ ಸೀಳಿ, ಸಾಲು ರೋಲರ್‌ಗಳ ನಡುವೆ ಓಡಿಸಿ, ನಿಧಾನವಾಗಿ ದುಂಡಗೆ ಬಗ್ಗಿಸುತ್ತಾರೆ. ಎರಡು ಅಂಚು ಹತ್ತಿರ ಬಂದಾಗ ಅಧಿಕ ಆವರ್ತನದ ಕರೆಂಟು ಹಾಯಿಸಿ ಕಾಯಿಸಿ ಒತ್ತಿ ಬೆಸೆಯುತ್ತಾರೆ. ಬೇರೆ ರಾಡ್ ಇಲ್ಲ, ಉಕ್ಕು ಉಕ್ಕಿಗೇ ಕೂಡಿಕೊಳ್ಳುತ್ತದೆ. ಹೊರಗೆ ಉಬ್ಬಿದ್ದನ್ನು ಕೆರೆದು ತೆಗೆಯುತ್ತಾರೆ, ಒಳಗಿನದು ಹಾಗೇ ಉಳಿಯುತ್ತದೆ. ಆಮೇಲೆ ದುಂಡು ಪೈಪನ್ನೇ ಇನ್ನಷ್ಟು ರೋಲರ್ ನಡುವೆ ಒತ್ತಿ ಚೌಕವೋ ಆಯತವೋ ಮಾಡುತ್ತಾರೆ. ಅದಕ್ಕೇ ಚೌಕ ಪೈಪಿನ ಮೂಲೆಗಳು ಚೂಪಾಗಿರುವುದಿಲ್ಲ, ಸ್ವಲ್ಪ ದುಂಡಗಿರುತ್ತವೆ.

ನೋಡಲು ಒಂದೇ ಥರ ಇರುವ ಪೈಪುಗಳಲ್ಲಿ ಜಾತಿ ಬೇರೆ ಬೇರೆ. ಕಟ್ಟಡದ ಭಾರ ಹೊರುವ ಚೌಕ ಮತ್ತು ಆಯತದ ಪೈಪಿಗೆ ಐಎಸ್ 4923 ಅನ್ನುವ ಮಾನದಂಡ ಇದೆ, ಭಾರ ಹೊರುವ ದುಂಡು ಪೈಪಿಗೆ ಐಎಸ್ 1161. ಇವುಗಳ ಮೇಲೆ ವೈಎಸ್‌ಟಿ 210, 310 ಅಂತ ಗುರುತು ಇರುತ್ತದೆ. 210 ಅಂದರೆ ಒಂದು ಚದರ ಮಿಲಿಮೀಟರ್ ಉಕ್ಕು 210 ನ್ಯೂಟನ್, ಅಂದರೆ ಸುಮಾರು 21 ಕೆ.ಜಿ. ಎಳೆತದವರೆಗೆ ಬಿಟ್ಟ ಕೂಡಲೇ ಮೊದಲಿನ ಉದ್ದಕ್ಕೆ ಬರುತ್ತದೆ. ಅದಕ್ಕಿಂತ ಮೇಲೆ ಎಳೆದರೆ ಹಿಗ್ಗಿದ್ದು ಹಿಗ್ಗಿದ್ದೇ. ಪ್ಲಂಬರ್ ತರುವ ನೀರಿನ ಪೈಪು ಬೇರೆ, ಅದು ಐಎಸ್ 1239. ಹಳದಿ ಪಟ್ಟೆ ಇದ್ದರೆ ಹಗುರ, ನೀಲಿ ಮಧ್ಯಮ, ಕೆಂಪು ಭಾರ. ಕುರ್ಚಿ ಮೇಜಿಗೆ ಬಳಸುವ ತೆಳು ಪೈಪು ಮತ್ತೂ ಬೇರೆ. ಗೇಟಿಗೆ ತಂದು ಉಳಿದ ಪೈಪನ್ನು ಮಾಡಿಗೆ ಸೇರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಗೇಜಿನ ಲೆಕ್ಕ ಉಲ್ಟಾ. ಸಂಖ್ಯೆ ದೊಡ್ಡದಾದಷ್ಟೂ ಪೈಪು ತೆಳು. 14 ಗೇಜ್ ಅಂದರೆ ಸುಮಾರು 2 ಮಿ.ಮೀ., 16 ಗೇಜ್ 1.6, 18 ಗೇಜ್ 1.2. ಬಾಯಲ್ಲಿ ಹೇಳಿದ ಗೇಜನ್ನು ನಂಬಬೇಡಿ, ತೂಕ ಮಾಡಿ. ಚೌಕ ಪೈಪಿಗೆ ಲೆಕ್ಕ ಹೀಗೆ: ಬದಿಯಿಂದ ದಪ್ಪ ಕಳೆಯಿರಿ, ದಪ್ಪದಿಂದ ಗುಣಿಸಿ, 0.0314ರಿಂದ ಗುಣಿಸಿ. ಮೀಟರಿಗೆ ಎಷ್ಟು ಕೆ.ಜಿ. ಅಂತ ಬರುತ್ತದೆ. 40ರ ಪೈಪು 16 ಗೇಜ್ ಆದರೆ 6 ಮೀಟರಿನ ಒಂದು ಉದ್ದ ಹೆಚ್ಚುಕಡಿಮೆ ಹನ್ನೊಂದೂವರೆ ಕೆ.ಜಿ. ಬರಬೇಕು. ಮೂಲೆ ದುಂಡಗಿರುವುದರಿಂದ ಚೂರು ಕಡಿಮೆ ಬಂದರೂ ಪರವಾಗಿಲ್ಲ. ಒಂಬತ್ತು ಕೆ.ಜಿ.ಯ ಹತ್ತಿರ ಬಂದರೆ ನಿಮಗೆ ಸಿಕ್ಕಿದ್ದು 18 ಗೇಜ್. ಪೈಪನ್ನು ಉದ್ದದ ಲೆಕ್ಕದಲ್ಲಿ ಕೊಳ್ಳುವಾಗ ಈ ಎರಡು ನಿಮಿಷದ ಕೆಲಸ ಮಾಡಲೇಬೇಕು.

ಗಾಳಿ ಮೇಲಕ್ಕೆ ಎಳೆಯುತ್ತದೆ

ಶೀಟಿನ ಮಾಡು ಕೆಳಗೆ ಕುಸಿದು ಬೀಳುತ್ತದೆ ಅನ್ನುವ ಹೆದರಿಕೆ ಎಲ್ಲರಿಗೂ ಇದೆ. ಅದು ಹಾರಿ ಹೋಗುತ್ತದೆ ಅನ್ನುವ ಹೆದರಿಕೆ ಅಷ್ಟಿಲ್ಲ. ಇರಬೇಕಾದದ್ದು ಎರಡನೆಯದು.

ಗಾಳಿಯ ಲೆಕ್ಕದ ಐಎಸ್ 875ರ ಮೂರನೇ ಭಾಗದಲ್ಲಿ ಮಂಗಳೂರಿಗೆ ಕೊಟ್ಟಿರುವ ಮೂಲ ವೇಗ ಸೆಕೆಂಡಿಗೆ 39 ಮೀಟರ್. ಗಂಟೆಗೆ 140 ಕಿ.ಮೀ. ಬೆಂಗಳೂರಿಗೆ 33. ‘ಆರೇ ಮೀಟರ್ ವ್ಯತ್ಯಾಸ’ ಅನಿಸಬಹುದು. ಆದರೆ ಗಾಳಿಯ ಒತ್ತಡ ಏರುವುದು ವೇಗದ ವರ್ಗದ ಹಾಗೆ. ಹಾಗಾಗಿ ನಮ್ಮಲ್ಲಿ ಒತ್ತಡ ಬೆಂಗಳೂರಿಗಿಂತ ಸುಮಾರು 40 ಶೇಕಡಾ ಜಾಸ್ತಿ. ಬೆಂಗಳೂರಿನ ನೆಂಟರ ಮನೆಯ ಫೋಟೋ ತೋರಿಸಿ ‘ಹೀಗೇ ಮಾಡಿಕೊಡಿ’ ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

39ರ ವೇಗಕ್ಕೆ ಒಂದು ಚದರ ಮೀಟರಿಗೆ 90 ಕೆ.ಜಿ.ಗಿಂತ ಸ್ವಲ್ಪ ಮೇಲೆ ಒತ್ತಡ ಬರುತ್ತದೆ. ಮಾಡಿನ ಇಳಿಜಾರು, ಎತ್ತರ, ಸುತ್ತ ಗೋಡೆ ಇದೆಯೋ ಇಲ್ಲವೋ, ಇದನ್ನೆಲ್ಲ ನೋಡಿ ಈ ಸಂಖ್ಯೆ ಏರುತ್ತದೆ, ಇಳಿಯುತ್ತದೆ. ಅಂಚು ಮೂಲೆಗಳಲ್ಲಿ ನಡುವಿಗಿಂತ ಜಾಸ್ತಿ. ಈಗ ಮಾಡಿನ ತೂಕ ನೋಡಿ. ಅರ್ಧ ಮಿ.ಮೀ. ಉಕ್ಕಿನ ಶೀಟು ಚದರ ಮೀಟರಿಗೆ ನಾಲ್ಕೈದು ಕೆ.ಜಿ. ಪೈಪನ್ನೂ ಸೇರಿಸಿ ಹದಿನೈದು ಅಂದುಕೊಳ್ಳಿ. ಗಾಳಿ ಮಾಡಿನ ಮೇಲಿಂದ ಹಾಯುವಾಗ ಅದನ್ನು ಮೇಲಕ್ಕೆ ಎಳೆಯುತ್ತದೆ, ಸುತ್ತ ತೆರೆದಿದ್ದರೆ ಕೆಳಗಿನಿಂದಲೂ ನುಗ್ಗಿ ಎತ್ತುತ್ತದೆ. ತೂಗಿ ನೋಡಿದರೆ ಮಾಡನ್ನು ಕೆಳಗೆ ಹಿಡಿದಿಡುವುದು ಅದರ ಭಾರ ಅಲ್ಲ, ಬುಡದ ಬೋಲ್ಟು. ಹಳೆಯ ಹಂಚಿನ ಮಾಡಿಗೆ ಈ ತೊಂದರೆ ಕಡಿಮೆ ಇತ್ತು. ಒಂದೊಂದು ಹಂಚೂ ಎರಡೂವರೆ ಕೆ.ಜಿ.ಯ ಆಸುಪಾಸು. ಭಾರಕ್ಕೇ ಕೂತಿರುತ್ತಿತ್ತು, ಜೋರು ಗಾಳಿ ಬಂದರೂ ನಾಲ್ಕು ಹಂಚು ಹೋಗುತ್ತಿತ್ತು, ಇಡೀ ಮಾಡಲ್ಲ.

ಹತ್ತಡಿ ಹತ್ತಡಿಗೆ ಒಂದು ಕಂಬ ಇದ್ದರೆ ಜೋರು ಗಾಳಿಗೆ ಒಂದೊಂದು ಬುಡದಲ್ಲೂ ನೂರಾರು ಕೆ.ಜಿ. ಮೇಲಕ್ಕೆ ಎಳೆತ. ಅದನ್ನು ತಡೆಯುವುದು ನಾಲ್ಕು ಆ್ಯಂಕರ್ ಬೋಲ್ಟ್. ಆ ಬೋಲ್ಟು ಎಲ್ಲಿ ಕಚ್ಚಿದೆ? ನಮ್ಮ ತಾರಸಿಯ ಮೇಲೆ ನೀರು ಹರಿಯಲಿ ಅಂತ ಒಂದೆರಡು ಇಂಚು ಗಾರೆಯ ಇಳಿಜಾರು ಹಾಕಿರುತ್ತಾರೆ. ಎರಡಿಂಚಿನ ಬೋಲ್ಟು ಹೊಡೆದರೆ ಅದು ಕೂರುವುದು ಆ ಗಾರೆಯಲ್ಲಿ, ಕೆಳಗಿನ ಸ್ಲ್ಯಾಬಿನಲ್ಲಿ ಅಲ್ಲ. ಗಾಳಿ ಎಳೆದಾಗ ಗಾರೆಯ ಸಮೇತ ಕಿತ್ತುಕೊಂಡು ಬರುತ್ತದೆ. ಸಾಧ್ಯವಾದರೆ ಕಂಬವನ್ನು ಕೆಳಗಿನ ಪಿಲ್ಲರ್ ಅಥವಾ ಬೀಮಿನ ನೇರಕ್ಕೆ ತನ್ನಿ, ಸರಳು ಕಟ್ಟಿ ಸಣ್ಣ ಕಾಂಕ್ರೀಟ್ ಕಟ್ಟೆ ಕಟ್ಟಿ, ಬೋಲ್ಟುಗಳನ್ನು ಅದರಲ್ಲೇ ಹುಗಿದು ಎರಕ ಹಾಕಿ.

ಗಾಳಿ ಅಂದಾಗ ಒಂದು ಹಳೆ ಕಥೆ ನೆನಪಾಗುತ್ತದೆ. ಸ್ಕಾಟ್ಲೆಂಡಿನ ಟೇ ನದಿಯ ರೈಲು ಸೇತುವೆ 1879ರ ಡಿಸೆಂಬರಿನಲ್ಲಿ ಬಿರುಗಾಳಿಗೆ ರೈಲಿನ ಸಮೇತ ಬಿತ್ತು. ಅದಾದ ಮೇಲೆ ಫೋರ್ತ್ ಸೇತುವೆ ಕಟ್ಟುವಾಗ ಒತ್ತಡ ಹೊರುವ ಮುಖ್ಯ ಅಂಗಗಳಿಗೆ ಉಕ್ಕಿನ ಕೊಳವೆಗಳನ್ನೇ ಹಾಕಿದರು. ಅಡ್ಡಳತೆ 12 ಅಡಿ, ಒಳಗೆ ಮನುಷ್ಯ ಆರಾಮಾಗಿ ನಡೆದು ಹೋಗಬಹುದು. 1890ರಲ್ಲಿ ತೆರೆದದ್ದು ಇಂದಿಗೂ ರೈಲು ಹೊರುತ್ತಿದೆ. ದುಂಡು ಕೊಳವೆಗೆ ಗಾಳಿಯ ಹೊಡೆತ ಚಪ್ಪಟೆ ಮುಖದ್ದಕ್ಕಿಂತ ಕಡಿಮೆ ಅನ್ನುವುದೂ ಒಂದು ಲಾಭ.

ಪೈಪಿಗೆ ಪೈಪು ಕೂಡುವಲ್ಲಿ

ಬಿಸ್ಕೆಟಿನ ತಗಡಿನ ಡಬ್ಬಿಯ ಮುಚ್ಚಳವನ್ನು ನಡುವೆ ಹೆಬ್ಬೆರಳಿನಲ್ಲಿ ಒತ್ತಿ. ‘ಟಕ್’ ಅಂತ ಒಳಗೆ ಹೋಗುತ್ತದೆ. ಅಂಚಿನ ಹತ್ತಿರ ಒತ್ತಿ. ಜಗ್ಗುವುದಿಲ್ಲ. ಪೈಪಿನ ಜೋಡಣೆಯ ಮುಕ್ಕಾಲು ಪಾಠ ಇದರಲ್ಲೇ ಇದೆ.

ಅಗಲ ಪೈಪಿನ ಚಪ್ಪಟೆ ಮುಖದ ನಟ್ಟನಡುವೆ ಒಂದು ಸಣ್ಣ ಪೈಪನ್ನು ಬೆಸೆದರೆ ಆ ಸಣ್ಣ ಪೈಪಿನ ಎಳೆತ, ಒತ್ತು ಎಲ್ಲ ಬೀಳುವುದು ಡಬ್ಬಿಯ ಮುಚ್ಚಳದಂಥ ತೆಳು ಮುಖದ ಮೇಲೆ. ವೆಲ್ಡಿಂಗ್ ಎಷ್ಟೇ ಚೆನ್ನಾಗಿರಲಿ, ಮುಖವೇ ಒಳಗೆ ಹೊರಗೆ ಉಬ್ಬುತ್ತದೆ. ಆದ್ದರಿಂದ ಕೂಡುವ ಪೈಪು ಮುಖ್ಯ ಪೈಪಿನ ಅಗಲಕ್ಕೆ ಹತ್ತಿರ ಇದ್ದರೆ ಒಳ್ಳೆಯದು, ಆಗ ಭಾರ ನೇರವಾಗಿ ಬದಿಯ ಗೋಡೆಗಳಿಗೆ ಇಳಿಯುತ್ತದೆ. ಅದಾಗದಿದ್ದರೆ ನಡುವೆ ಒಂದು ಪ್ಲೇಟ್ ಬೆಸೆದು ಅದರ ಮೇಲೆ ಕೂರಿಸಬೇಕು. ದುಂಡು ಪೈಪಿಗೆ ದುಂಡು ಪೈಪು ಕೂಡಿಸುವುದು ಇನ್ನೂ ಕಷ್ಟ. ತುದಿಯನ್ನು ಬಂಗುಡೆ ಬಾಯಿ ತೆರೆದ ಹಾಗೆ ಬಳುಕಿಸಿ ಕತ್ತರಿಸಿದರೇ ಅದು ಸರಿಯಾಗಿ ತಬ್ಬಿ ಕೂರುವುದು. ಹೆಚ್ಚಿನವರು ತುದಿಯನ್ನು ಸುತ್ತಿಗೆಯಲ್ಲಿ ಜಜ್ಜಿ ಚಪ್ಪಟೆ ಮಾಡಿ ಬೆಸೆಯುತ್ತಾರೆ. ಚಪ್ಪರಕ್ಕೆ ನಡೆಯುತ್ತದೆ, ಮನೆ ಮಾಡಿಗೆ ನನಗೆ ಇಷ್ಟ ಇಲ್ಲ.

ವೆಲ್ಡಿಂಗ್ ಸುತ್ತಲೂ ಆಗಿದೆಯಾ ನೋಡಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಎದುರಿಗೆ ಕಾಣುವ ಮೂರು ಬದಿ ನೀಟಾಗಿ ಬೆಸೆದು, ಗೋಡೆಗೆ ತಾಗಿದ ಅಥವಾ ಶೀಟಿನ ಕಡೆ ಇರುವ ನಾಲ್ಕನೇ ಬದಿಯನ್ನು ಹಾಗೇ ಬಿಡುತ್ತಾರೆ, ಕೈ ಹೋಗುವುದಿಲ್ಲ ಅಂತ. ಬಲ ಕಡಿಮೆ ಆಯಿತು ಅನ್ನುವುದು ಒಂದು. ಅದಕ್ಕಿಂತ ದೊಡ್ಡದು, ಅಲ್ಲೊಂದು ಬಾಗಿಲು ತೆರೆದಿಟ್ಟ ಹಾಗಾಯಿತು. ನೀರಿಗೆ.

ಉಪ್ಪುಗಾಳಿ ಮತ್ತು ಒಳಗಿನ ತುಕ್ಕು

ತುಕ್ಕಿಗೆ ನೀರೂ ಬೇಕು, ಆಮ್ಲಜನಕವೂ ಬೇಕು. ಪೂರ್ತಿ ಬೆಸೆದು ಮುಚ್ಚಿದ ಪೈಪಿನೊಳಗೆ ಇದ್ದ ಚೂರು ತೇವ, ಚೂರು ಗಾಳಿ ಒಂದು ಪದರ ತುಕ್ಕಾಗಿ ಮುಗಿಯಿತು ಅಂದರೆ ಆಮೇಲೆ ಒಳಗೆ ಏನೂ ಆಗುವುದಿಲ್ಲ. ಸಾಯುವವರೆಗೂ ಹಾಗೇ ಇರುತ್ತದೆ. ತೊಂದರೆ ಇರುವುದು ಅರ್ಧ ಮುಚ್ಚಿದ ಪೈಪಿನಲ್ಲಿ. ಬೆಸೆಯದ ಸಂದಿ, ಶೀಟಿನ ಸ್ಕ್ರೂ ಕೊರೆದ ತೂತು, ತಪ್ಪು ಜಾಗಕ್ಕೆ ಹೊಡೆದು ಕಿತ್ತು ತೆಗೆದ ಸ್ಕ್ರೂವಿನ ಖಾಲಿ ತೂತು. ಸ್ಕ್ರೂವಿನ ರಬ್ಬರ್ ವಾಷರ್ ಬಿಸಿಲಿಗೆ ಗಟ್ಟಿಯಾಗಿ ಬಿರಿದ ಮೇಲೆ ಅಲ್ಲಿಂದಲೂ ನೀರು ಜಿನುಗುತ್ತದೆ. ತೊಲೆಯೊಳಗೆ ಇಳಿದ ನೀರು ಕಂಬಕ್ಕೆ ಬರುತ್ತದೆ, ಕಂಬದ ಬುಡದಲ್ಲಿ ಬೇಸ್ ಪ್ಲೇಟಿನ ಮೇಲೆ ಕೂರುತ್ತದೆ. ಹೋಗಲು ದಾರಿ ಇಲ್ಲ. ನಮ್ಮ ಮನೆಯ ಚೊಂಬು ತುಂಬಿದ್ದು ಹೀಗೆ.

ಅಂದರೆ ಎರಡೇ ದಾರಿ. ಒಂದೋ ಪೂರ್ತಿ ಮುಚ್ಚಿ, ಇಲ್ಲವೋ ನೀರು ಹೋಗಲು ಬುಡದಲ್ಲಿ ತೂತು ಬಿಡಿ. ಸ್ಕ್ರೂ ಹೊಡೆಯುವ ಪೈಪನ್ನು ಪೂರ್ತಿ ಮುಚ್ಚಿದೆ ಅನ್ನುವುದು ನಮ್ಮನ್ನು ನಾವೇ ನಂಬಿಸಿಕೊಂಡ ಹಾಗೆ. ಅಂಥದ್ದಕ್ಕೆ ತೂತು ಇರಲೇಬೇಕು. ಜೊತೆಗೆ ಕಂಬದ ತಲೆಯನ್ನು ಒಂದು ಪ್ಲೇಟ್ ಹಾಕಿ ಮುಚ್ಚಿ, ಅದರ ಮೇಲೆ ತೊಲೆ ಕೂರಿಸಿದರೆ ತೊಲೆಯ ನೀರು ಕಂಬಕ್ಕೆ ಇಳಿಯುವುದೇ ಇಲ್ಲ. ಎಂಟು ಕಂಬಕ್ಕೆ ಎಂಟು ಚೂರು ಪ್ಲೇಟು. ಅದರ ಖರ್ಚು ಒಂದು ಮೀನೂಟಕ್ಕಿಂತ ಹೆಚ್ಚೇನಿಲ್ಲ.

ಹೊರಗಿನ ಶತ್ರು ಉಪ್ಪು. ಮಲ್ಪೆ, ಪಣಂಬೂರು, ಉಳ್ಳಾಲದ ಕಡಲ ಬದಿಯ ಮನೆಗಳಲ್ಲಿ ಗಾಳಿಯಲ್ಲೇ ಉಪ್ಪು ಬಂದು ಪೈಪಿನ ಮೇಲೆ ಕೂರುತ್ತದೆ. ಮಳೆ ಬೀಳುವ ಮುಖವನ್ನು ಮಳೆಯೇ ತೊಳೆಯುತ್ತದೆ. ಮಳೆ ತಾಗದ ಶೀಟಿನ ಕೆಳಗಿನ ಪೈಪಿನಲ್ಲಿ ಉಪ್ಪು ಉಳಿದು, ರಾತ್ರಿ ತೇವ ಹೀರಿ, ಅಲ್ಲೇ ತುಕ್ಕು ಜಾಸ್ತಿ ಆಗುತ್ತದೆ. ಜನ ನೆರಳಿನಲ್ಲಿದ್ದದ್ದು ಸುರಕ್ಷಿತ ಅಂದುಕೊಳ್ಳುತ್ತಾರೆ. ಬಣ್ಣ ಹೊಡೆಯುವ ಮೊದಲು ಸಿಹಿನೀರಿನಲ್ಲಿ ಒಮ್ಮೆ ತೊಳೆದು ಒಣಗಿಸಿ. ಹೊಸ ಪೈಪಿನ ಮೇಲೆ ಕಾರ್ಖಾನೆಯ ಎಣ್ಣೆ ಇರುತ್ತದೆ, ಅದನ್ನು ತಿನ್ನರಿನಲ್ಲಿ ಒರೆಸದೆ ರೆಡ್ ಆಕ್ಸೈಡ್ ಹೊಡೆದರೆ ಬಣ್ಣ ಕೂರುವುದು ಎಣ್ಣೆಯ ಮೇಲೆ, ಉಕ್ಕಿನ ಮೇಲಲ್ಲ.

‘ಜಿಐ ಪೈಪು (ಸತು ಲೇಪಿಸಿದ್ದು) ಹಾಕಿದ್ದೇವೆ, ತುಕ್ಕಿನ ಮಾತೇ ಇಲ್ಲ’ ಅನ್ನುವವರಿಗೆ ಒಂದು ಮಾತು. ಸತುವಿನ ಲೇಪ ಎರಡು ಥರ. ಮೊದಲೇ ಸತು ಲೇಪಿಸಿದ ಹಾಳೆಯಿಂದ ಮಾಡಿದ ಪೈಪು ಒಂದು. ಅದರಲ್ಲಿ 120 ಜಿಎಸ್‌ಎಂ ಅಂದರೆ ಎರಡೂ ಬದಿ ಸೇರಿ ಚದರ ಮೀಟರಿಗೆ 120 ಗ್ರಾಂ. ಒಂದು ಬದಿಗೆ ಲೆಕ್ಕ ಹಾಕಿದರೆ 8 ಮೈಕ್ರಾನಿನ ಆಸುಪಾಸು, ತಲೆಕೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ. ಇನ್ನೊಂದು, ಕತ್ತರಿಸಿ ಬೆಸೆದು ಮುಗಿಸಿದ ಮೇಲೆ ಇಡೀ ತುಂಡನ್ನೇ 450 ಡಿಗ್ರಿಯ ಕರಗಿದ ಸತುವಿನ ತೊಟ್ಟಿಯಲ್ಲಿ ಮುಳುಗಿಸುವುದು. ಅದರ ಲೇಪ 50 ಮೈಕ್ರಾನಿನ ಸುತ್ತಮುತ್ತ, ಒಳಗೂ ಹೊರಗೂ. ಇಲ್ಲಿ ಮಾತ್ರ ಪೈಪನ್ನು ಪೂರ್ತಿ ಮುಚ್ಚಬಾರದು. ಒಳಗೆ ಸಿಕ್ಕಿಬಿದ್ದ ತೇವ ಆ ಬಿಸಿಗೆ ಹಬೆಯಾಗಿ ಪೈಪು ಸಿಡಿಯುತ್ತದೆ, ತೊಟ್ಟಿಯ ಬಳಿ ನಿಂತವರ ಜೀವಕ್ಕೇ ಅಪಾಯ. ಗಾಳಿ ಹೋಗಲು ತೂತು ಇಟ್ಟೇ ಕಳಿಸಬೇಕು.

ಮೊದಲ ಥರದ ಪೈಪನ್ನು ಬೆಸೆದಾಗ ಏನಾಗುತ್ತದೆ ನೋಡಿ. ಸತು 907 ಡಿಗ್ರಿಗೇ ಆವಿಯಾಗುತ್ತದೆ, ಉಕ್ಕು ಕರಗಲು 1,500ರ ಹತ್ತಿರ ಬೇಕು. ಅಂದರೆ ಬೆಸುಗೆ ಬಿದ್ದಲ್ಲೆಲ್ಲ ಸತು ಹೊಗೆಯಾಗಿ ಹೋಗಿ ಬರೀ ಉಕ್ಕು ಉಳಿಯುತ್ತದೆ. ತೀರಾ ಬೇಕಾದ ಜಾಗದಲ್ಲೇ ರಕ್ಷಣೆ ಇಲ್ಲ. ಅಲ್ಲಿ ಕಿಟ್ಟ ಕುಟ್ಟಿ ತೆಗೆದು, ಬ್ರಷ್ಷಿನಲ್ಲಿ ಉಜ್ಜಿ, ಸತು ಜಾಸ್ತಿ ಇರುವ ಪ್ರೈಮರ್ ಹೊಡೆಯಬೇಕು. ಬೆಳ್ಳಿ ಬಣ್ಣ ಬಳಿದರೆ ನೋಡಲು ಚಂದ, ಅಷ್ಟೇ. ಆ ಬಿಳಿ ಹೊಗೆ ಕುಡಿದ ವೆಲ್ಡರಿಗೆ ರಾತ್ರಿ ಚಳಿಜ್ವರ ಬರುತ್ತದೆ. ಹಾಲು ಕುಡಿದರೆ ಸರಿಹೋಗುತ್ತದೆ ಅಂತ ಅವರು ನಂಬುತ್ತಾರೆ. ಹಾಲು ಕೊಡಿ, ಬೇಡ ಅನ್ನುವುದಿಲ್ಲ. ಆದರೆ ಅದಕ್ಕೂ ಮೊದಲು ಗಾಳಿ ಆಡುವ ಜಾಗ ಮತ್ತು ಸರಿಯಾದ ಮಾಸ್ಕ್ ಕೊಡಿ.

ದೊಡ್ಡ ಕಟ್ಟಡಗಳಲ್ಲಿ ಟೊಳ್ಳು ಕಂಬದೊಳಗೆ ಕಾಂಕ್ರೀಟ್ ತುಂಬುವ ಪದ್ಧತಿಯೂ ಇದೆ. ಉಕ್ಕು ಕಾಂಕ್ರೀಟನ್ನು ಬಿರಿಯದಂತೆ ತಬ್ಬಿ ಹಿಡಿಯುತ್ತದೆ, ಕಾಂಕ್ರೀಟು ಉಕ್ಕಿನ ಗೋಡೆ ಒಳಗೆ ಸುಕ್ಕಾಗದಂತೆ ತಡೆಯುತ್ತದೆ. ಬೆಂಕಿ ಬಿದ್ದರೂ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ. ನಮ್ಮ ಟೆರೇಸಿನ ಮಾಡಿಗೆ ಅದರ ಅಗತ್ಯ ಇಲ್ಲ. ಯಾರೋ ಕಂಬ ಗಟ್ಟಿಯಾಗಲಿ ಅಂತ ಒಳಗೆ ಹೊಯಿಗೆ (ಮರಳು) ತುಂಬಿಸಿದ್ದನ್ನು ಒಮ್ಮೆ ನೋಡಿದ್ದೆ. ಕಡಲ ಬದಿಯ ಉಪ್ಪು ಹೊಯಿಗೆ. ಅದರ ಗತಿ ಹೇಳಬೇಕಾಗಿಲ್ಲ.

ನಮ್ಮ ಮೂರನೇ ಕಂಬಕ್ಕೆ ಬರೋಣ. ಪಕ್ಕದಲ್ಲಿ ಎರಡು ಜಾಕ್ ಕೊಟ್ಟು ಮಾಡನ್ನು ಹಿಡಿದು, ಬುಡದಿಂದ ಒಂದೂವರೆ ಅಡಿ ಕತ್ತರಿಸಿ ತೆಗೆದೆವು. ಕತ್ತರಿಸಿದ ತುಂಡನ್ನು ನೋಡಿದರೆ 2 ಮಿ.ಮೀ. ಗೋಡೆ ಕೆಲವು ಕಡೆ ಹಪ್ಪಳದಷ್ಟು ತೆಳುವಾಗಿತ್ತು. ಹೆಬ್ಬೆರಳಿನಲ್ಲಿ ಒತ್ತಿದರೆ ಪುಡಿ. ಅದಕ್ಕೆ ಅಂಟಿ ನಿಂತಿದ್ದದ್ದು ಹೊರಗಿನ ಪೇಂಟು. ಆ ಜಾಗಕ್ಕೆ ಒಂದಡಿ ಎತ್ತರದ ಕಾಂಕ್ರೀಟ್ ಕಟ್ಟೆ ಬಂತು, ಅದರ ಮೇಲೆ ಹೊಸ ಬೇಸ್ ಪ್ಲೇಟು ಮತ್ತು ಹೊಸ ಪೈಪಿನ ತುಂಡು. ವೆಲ್ಡರ್ ಸುತ್ತಲೂ ಬೆಸೆದು ಮುಗಿಸಿದ ಮೇಲೆ ಬುಡದಲ್ಲಿ 8 ಮಿ.ಮೀ. ತೂತು ಕೊರೆಯಲು ಹೇಳಿದೆ. ಅವನು ನನ್ನ ಮುಖ ನೋಡಿದ.

“ಈಗಷ್ಟೇ ಮುಚ್ಚಿದ್ದು ಸಾರ್. ಮತ್ತೆ ತೂತು ಮಾಡುವುದಾ?”

ಮಗಳು ಆ ಚೊಂಬನ್ನು ಇನ್ನೂ ಟೆರೇಸಿನಲ್ಲೇ ಇಟ್ಟಿದ್ದಾಳೆ. ಬಡಿದು ನೋಡಲು ಇನ್ನೂ ಐದು ಕಂಬ ಬಾಕಿ ಇದೆ.